ತಂದದ್ದೆಷ್ಟು, ಬೆಳೆಸಿದ್ದೆಷ್ಟು

ಹದಿನಾರು ಹದಿನೇಳರ ಹುಡುಗರ ಆಟದ ವಿಡಿಯೊ ನೋಡುವುದು ನನ್ನ ಕೆಲಸ. ಅಮೆರಿಕದ ಮಿಡ್‌ವೆಸ್ಟಿನ ಒಂದು ಸಾಧಾರಣ ವಿಶ್ವವಿದ್ಯಾಲಯದ ಫುಟ್ಬಾಲ್ ವಿಭಾಗದಲ್ಲಿ ಯಾರನ್ನು ಕರೆಯಬಹುದು, ಯಾರನ್ನು ಬಿಡಬಹುದು ಎಂದು ಕೋಚ್‌ಗಳಿಗೆ ವರದಿ ಬರೆದುಕೊಡುತ್ತೇನೆ. ಹೆಲ್ಮೆಟ್ಟು ತೊಟ್ಟು, ಮೊಟ್ಟೆಯಾಕಾರದ ಚೆಂಡು ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್ಬಾಲ್ ಇದು. ಸಂಖ್ಯಾಶಾಸ್ತ್ರ ಓದಲು ಬಂದವನು ಕೈಖರ್ಚಿಗೆಂದು ತಂಡದ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸೇರಿದೆ, ಅಲ್ಲೇ ಉಳಿದುಬಿಟ್ಟೆ. ದಾವಣಗೆರೆಯಲ್ಲಿರುವ ಸೋದರಮಾವನಿಗೆ ಇದು ಇವತ್ತಿಗೂ ಜೀರ್ಣವಾಗಿಲ್ಲ. "ಕಾಲೇಜ್ ಟೀಮಿಗೆ ಹುಡುಗರನ್ನ ಹುಡುಕೋಕೂ ಸಂಬಳ ಕೊಡ್ತಾರೇನಪ್ಪ?" ಎನ್ನುತ್ತಾರೆ.

ಕೊಡುತ್ತಾರೆ ಮಾವ. ಇಲ್ಲಿ ಕಾಲೇಜು ತಂಡಗಳ ಆಟಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುವ ಸ್ಟೇಡಿಯಂಗಳಿವೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್, ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆಯದ ಹುಡುಗನನ್ನು ತೆಗೆದುಕೊಳ್ಳುವುದಿಲ್ಲ. ಆ ಮೂರ್ನಾಲ್ಕು ವರ್ಷ ಹುಡುಗ ಕಾಲೇಜಿನ ಕೈಯಲ್ಲಿರುತ್ತಾನೆ. ಹಾಗಾಗಿ ವರ್ಷವಿಡೀ ಒಂದೇ ವಾದ: ಒಳ್ಳೆಯ ಹುಡುಗರನ್ನು ಮೊದಲೇ ಹಿಡಿದು ತರುವುದು ದೊಡ್ಡದೋ, ಸಿಕ್ಕವರನ್ನು ಬೆಳೆಸುವುದು ದೊಡ್ಡದೋ? ದುಡ್ಡು ಸುರಿಯಬಲ್ಲ ಕಾಲೇಜುಗಳಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ, ಅವು ಎರಡನ್ನೂ ಮಾಡುತ್ತವೆ. ನಮ್ಮಂಥವರಿಗೆ ಪ್ರತಿ ಸ್ಕಾಲರ್‌ಶಿಪ್‌ನಲ್ಲೂ ಇದು ಎದುರಾಗುತ್ತದೆ. ಕೆಳಗಿನ ಪಾಠಗಳು ಅಲ್ಲಿಂದ ಬಂದವು.

1. ನಕ್ಷತ್ರಗಳನ್ನು ಗೇಲಿ ಮಾಡುವ ಮೊದಲು ಲೆಕ್ಕ ಹಾಕಿ

247ಸ್ಪೋರ್ಟ್ಸ್, ರೈವಲ್ಸ್‌ನಂಥ ಸಂಸ್ಥೆಗಳು ಹೈಸ್ಕೂಲು ಆಟಗಾರರಿಗೆ ಐದರವರೆಗೆ ನಕ್ಷತ್ರ ಕೊಡುತ್ತವೆ. ದೇಶದಲ್ಲಿ ಹೈಸ್ಕೂಲು ಫುಟ್ಬಾಲ್ ಆಡುವವರು ಸುಮಾರು ಹತ್ತು ಲಕ್ಷ. ಐದು ನಕ್ಷತ್ರ ಸಿಗುವುದು ವರ್ಷಕ್ಕೆ ಮೂವತ್ತರ ಆಸುಪಾಸಿನವರಿಗೆ ಮಾತ್ರ. ಸಣ್ಣ ಕಾಲೇಜಿನ ಕೋಚ್‌ಗಳು ಈ ನಕ್ಷತ್ರಗಳ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಅವರ ಬಾಯಲ್ಲಿ ಉದಾಹರಣೆಗಳು ಸದಾ ಸಿದ್ಧ. ಬಫಲೋ ವಿಶ್ವವಿದ್ಯಾಲಯದ ಖಲೀಲ್ ಮ್ಯಾಕ್‌ಗೆ ಇದ್ದದ್ದು ಎರಡೇ ನಕ್ಷತ್ರ, 2014ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಐದನೆಯವನಾಗಿ ಹೋದ. ಸೆಂಟ್ರಲ್ ಮಿಷಿಗನ್‌ನ ಎರಿಕ್ ಫಿಶರ್ 2013ರಲ್ಲಿ ಮೊದಲನೆಯವನಾಗಿಯೇ ಹೋದ.

ಎರಡೂ ನಿಜ. ಆದರೆ ಎರಡು, ಮೂರು ನಕ್ಷತ್ರದ ಹುಡುಗರು ಸಾವಿರಗಟ್ಟಲೆ ಇರುತ್ತಾರೆ. ಅಷ್ಟು ದೊಡ್ಡ ಗುಂಪಿನಿಂದ ಕೆಲವರು ಮೇಲೆ ಬರುವುದರಲ್ಲಿ ಆಶ್ಚರ್ಯವೇನಿದೆ? ಎನ್‌ಎಫ್‌ಎಲ್‌ನಲ್ಲಿ ತಲೆ ಎಣಿಸಿದರೆ ಮೂರು ನಕ್ಷತ್ರದವರೇ ಹೆಚ್ಚು ಕಂಡಾರು. ಒಬ್ಬೊಬ್ಬ ಹುಡುಗನಿಗಿರುವ ಅವಕಾಶವನ್ನು ಎಣಿಸಿದರೆ ಐದು ನಕ್ಷತ್ರದವನು ಎಷ್ಟೋ ಮುಂದೆ. ತಂಡಗಳ ವಿಷಯವೂ ಅಷ್ಟೆ. ಬಡ್ ಎಲಿಯಟ್ ಎಂಬ ಪತ್ರಕರ್ತರು 'ಬ್ಲೂ-ಚಿಪ್ ರೇಶಿಯೊ' ಅಂತ ಒಂದು ಲೆಕ್ಕ ಹಾಕಿದ್ದಾರೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಹೈಸ್ಕೂಲಿನಿಂದ ತಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ನಕ್ಷತ್ರದವರಾಗಿರದಿದ್ದರೆ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಗುವುದಿಲ್ಲ ಎನ್ನುವುದು ಅದರ ಸಾರ. 2024ರ ಸೀಸನ್ ಗೆದ್ದ ಓಹಾಯೊ ಸ್ಟೇಟ್‌ವರೆಗೂ ಅದು ಸುಳ್ಳಾಗಲಿಲ್ಲ. ಆಮೇಲೆ ಸುಳ್ಳಾಯಿತು. ಹೇಗೆ ಎನ್ನುವುದನ್ನು ಎಂಟನೆಯ ಪಾಠದಲ್ಲಿ ಹೇಳುತ್ತೇನೆ.

ನನ್ನ ಪಾಲಿಗೆ ನಕ್ಷತ್ರ ಎಂದರೆ ಮಾರುಕಟ್ಟೆಯ ಬೆಲೆ. ಬೆಲೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅದು ಎಲ್ಲಿ ತಪ್ಪಿದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ.

2. ಕಲಿಸಲಾಗದ್ದಕ್ಕೆ ಸ್ಕಾಲರ್‌ಶಿಪ್ ಕೊಡಿ

ಮೇಜಿನ ಮೇಲೆ ಇಬ್ಬರು ಹುಡುಗರ ಫೈಲು ಇದೆ ಎಂದಿಟ್ಟುಕೊಳ್ಳಿ. ಒಬ್ಬನಿಗೆ ಆಟ ಚೆನ್ನಾಗಿ ಬರುತ್ತದೆ. ಅವನ ಹೈಸ್ಕೂಲು ಕೋಚು ಒಳ್ಳೆಯವರು, ಕಾಲಿಡುವ ಕ್ರಮ, ಕೈ ಹಾಕುವ ಜಾಗ ಎಲ್ಲ ಅಚ್ಚುಕಟ್ಟು. ಇನ್ನೊಬ್ಬನಿಗೆ ಏನೂ ಗೊತ್ತಿಲ್ಲ. ಆದರೆ ತೋಳು ಉದ್ದ, ಸೊಂಟ ಬಗ್ಗುತ್ತದೆ, ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಅಷ್ಟು ದೊಡ್ಡ ಮೈ ಇಟ್ಟುಕೊಂಡು ಬೆಕ್ಕಿನ ಹಾಗೆ ತಿರುಗುತ್ತಾನೆ. ಹೈಸ್ಕೂಲಿನಲ್ಲಿ ಮೊದಲನೆಯವನೇ ಗೆಲ್ಲುತ್ತಾನೆ, ನಕ್ಷತ್ರವೂ ಅವನಿಗೇ ಹೆಚ್ಚು. ನಮ್ಮಂಥ ಕಡೆ ಎರಡನೆಯವನನ್ನು ತರಬೇಕು. ಮೊದಲನೆಯವನಿಗೆ ಬರುವುದನ್ನು ಇವನಿಗೆ ಎರಡು ವರ್ಷದಲ್ಲಿ ಕಲಿಸಬಹುದು. ಇವನ ತೋಳನ್ನು ಅವನಿಗೆ ಹಚ್ಚಲಾಗುವುದಿಲ್ಲ.

ಈ ವಿದ್ಯೆಯನ್ನು ಅಯೋವಾ ವಿಶ್ವವಿದ್ಯಾಲಯದಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವರು ಕಡಿಮೆ. ಕರ್ಕ್ ಫೆರೆಂಟ್ಜ್ ಅಲ್ಲಿ 1999ರಿಂದ ಮುಖ್ಯ ಕೋಚ್. ರಾಬರ್ಟ್ ಗ್ಯಾಲರಿ ಅಲ್ಲಿಗೆ ಟೈಟ್ ಎಂಡ್ ಆಗಿ ಬಂದ, ಅಂದರೆ ಒಂದಿಷ್ಟು ತಡೆಯುವ, ಒಂದಿಷ್ಟು ಚೆಂಡು ಹಿಡಿಯುವ ಸ್ಥಾನಕ್ಕೆ. ಅವನನ್ನು ಎದುರಾಳಿಗಳನ್ನು ತಡೆದು ನಿಲ್ಲಿಸುವ ಆಫೆನ್ಸಿವ್ ಲೈನಿಗೆ ಸರಿಸಿ, ಅದರ ಅಂಚಿನ ಟ್ಯಾಕಲ್ ಸ್ಥಾನದಲ್ಲಿ ನಿಲ್ಲಿಸಿದರು. 2004ರ ಡ್ರಾಫ್ಟಿನಲ್ಲಿ ಎರಡನೆಯವನಾಗಿ ಹೋದ. ಬ್ರ್ಯಾಂಡನ್ ಶರ್ಫ್ ಹೈಸ್ಕೂಲಿನಲ್ಲಿ ಒಂದು ಹಂತದಲ್ಲಿ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಡಿದ್ದ ದೈತ್ಯ. 2015ರಲ್ಲಿ ಐದನೆಯವನಾಗಿ ಹೋಗಿದ್ದು ಟ್ಯಾಕಲ್ ಆಗಿ. ಟ್ರಿಸ್ಟನ್ ವರ್ಫ್ಸ್ ರಾಜ್ಯಮಟ್ಟದ ಕುಸ್ತಿ ಚಾಂಪಿಯನ್, ಗುಂಡು, ಚಕ್ರ ಎಸೆಯುವುದರಲ್ಲೂ ಮುಂದು. 2020ರಲ್ಲಿ ಹದಿಮೂರನೆಯವನಾಗಿ ಎನ್‌ಎಫ್‌ಎಲ್ ಸೇರಿದ.

ಕುಸ್ತಿಯ ಬಗ್ಗೆ ಒಂದು ಮಾತು. ಲೈನಿನಲ್ಲಿ ಆಡುವ ಹುಡುಗನ ಫೈಲಿನಲ್ಲಿ ಕುಸ್ತಿ ಅಂತ ಕಂಡರೆ ನಾನು ಫುಟ್ಬಾಲ್ ವಿಡಿಯೊ ಬದಿಗಿಟ್ಟು ಮೊದಲು ಕುಸ್ತಿಯದ್ದನ್ನೇ ಕೇಳಿ ತರಿಸಿಕೊಳ್ಳುತ್ತೇನೆ. ಮೈಭಾರ ಎಲ್ಲಿದೆ, ಎದುರಾಳಿ ತಳ್ಳಿದಾಗ ಸೊಂಟ ಕೆಳಗಿಳಿಯುತ್ತದೋ ಮೇಲೇಳುತ್ತದೋ, ದಣಿದಾಗ ಬಿಟ್ಟುಕೊಡುತ್ತಾನೋ ಎಲ್ಲವೂ ಅಲ್ಲಿ ಬೆತ್ತಲೆಯಾಗಿ ಕಾಣುತ್ತದೆ. ಹನ್ನೊಂದು ಜನರ ಆಟದಲ್ಲಿ ಇದನ್ನೆಲ್ಲ ಮುಚ್ಚಿಡಬಹುದು, ಕುಸ್ತಿಯ ಚಾಪೆಯ ಮೇಲೆ ಆಗುವುದಿಲ್ಲ.

ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಗ್ಯಾರಿ ಪ್ಯಾಟರ್ಸನ್ ಇದನ್ನೇ ವೇಗದ ವಿಷಯದಲ್ಲಿ ಮಾಡಿದರು. ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗಳನ್ನು ತಂದು ರಕ್ಷಣೆಯ ಬದಿಗೆ ತಿರುಗಿಸುವುದು ಅವರ ಪದ್ಧತಿ. ಹೈಸ್ಕೂಲಿನಲ್ಲಿ ರನ್ನಿಂಗ್ ಬ್ಯಾಕ್ ಆಗಿದ್ದ ಜೆರಿ ಹ್ಯೂಸ್ ಅಲ್ಲಿ ಡಿಫೆನ್ಸಿವ್ ಎಂಡ್ ಆಗಿ 2010ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದ.

ಬೆಳವಣಿಗೆ ತಡವಾಗಿ ಬರುವ ಹುಡುಗರದ್ದು ಬೇರೆಯೇ ಕತೆ. ಕಾರ್ಸನ್ ವೆಂಟ್ಜ್ ಹೈಸ್ಕೂಲಿಗೆ ಕಾಲಿಟ್ಟಾಗ 5 ಅಡಿ 8 ಅಂಗುಲ, ಮುಗಿಸುವಾಗ 6 ಅಡಿ 5 ಅಂಗುಲ. ನಕ್ಷತ್ರ ಕೊಡುವವರು ಬಂದು ನೋಡಿ ಹೋದ ಮೇಲೆ ಅವನು ಬೆಳೆದ. ನಾರ್ತ್ ಡಕೋಟ ಸ್ಟೇಟ್ ಅವನನ್ನು ಹಿಡಿಯಿತು. 2016ರ ಡ್ರಾಫ್ಟಿನಲ್ಲಿ ಅವನು ಎರಡನೆಯವನು. ಹುಡುಗನ ಮನೆಗೆ ಹೋದಾಗ ಅಪ್ಪ, ಅಣ್ಣ, ಸೋದರಮಾವಂದಿರ ಎತ್ತರ ನೋಡಿಕೊಂಡು ಬನ್ನಿ ಎಂದು ನಮ್ಮ ಕೋಚ್‌ಗಳಿಗೆ ನಾನು ಹೇಳುವುದಕ್ಕೆ ಇದೇ ಕಾರಣ. ಗಂಡು ನೋಡಲು ಹೋದವರ ಹಾಗೆ ಎಂದು ನನ್ನ ಹೆಂಡತಿ ನಗುತ್ತಾಳೆ.

3. ಹೈಲೈಟ್ ನೋಡಿ ಯಾರನ್ನೂ ತರಬೇಡಿ

ಹಡಲ್ ಎಂಬ ತಾಣದಲ್ಲಿ ಪ್ರತಿ ಹುಡುಗನೂ ತನ್ನ ಒಳ್ಳೆಯ ಆಟದ ತುಣುಕುಗಳನ್ನು ಪೋಣಿಸಿ ಹಾಕಿರುತ್ತಾನೆ, ಹಿಂದೆ ಕಿವಿ ಕಿತ್ತುಹೋಗುವ ಸಂಗೀತ. ಅದು ಬಾಗಿಲು ತಟ್ಟುವುದಕ್ಕೆ ಸಾಕು. ನಾನು ಕೇಳುವುದು ಇಡೀ ಪಂದ್ಯ, ಅದರಲ್ಲೂ ಸೋತ ಪಂದ್ಯ, ಅದರಲ್ಲೂ ಕೊನೆಯ ಕ್ವಾರ್ಟರ್. ಚೆಂಡು ಮೈದಾನದ ಆ ಬದಿಗೆ ಹೋದಾಗ ಈ ಬದಿಯಲ್ಲಿರುವ ಹುಡುಗ ಓಡುತ್ತಾನೋ, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನೋ? ಒಂದು ಸಲ ಮೋಸ ಹೋದ ಚಲನೆಗೆ ಮುಂದಿನ ಸಲವೂ ಮೋಸ ಹೋಗುತ್ತಾನೋ? ಇದರಲ್ಲಿ ಎರಡನೆಯದು ನನಗೆ ಹೆಚ್ಚು ಮುಖ್ಯ. ಓಡದವನನ್ನು ಓಡಿಸುವ ಕೋಚ್‌ಗಳನ್ನು ಕಂಡಿದ್ದೇನೆ. ಪಂದ್ಯದ ನಡುವೆ ತನ್ನನ್ನು ತಾನೇ ತಿದ್ದಿಕೊಳ್ಳದ ಹುಡುಗನನ್ನು ಬೆಳೆಸುವುದು ಬಲು ಕಷ್ಟ.

ಜಾಶ್ ಅಲೆನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಕೃಷಿ ಊರಿನವನು. ಹೈಸ್ಕೂಲು ಮುಗಿಸಿದಾಗ ಮೇಲಿನ ದರ್ಜೆಯ ಯಾವ ಕಾಲೇಜೂ ಕರೆಯಲಿಲ್ಲ. ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿಗೆ ಹೋದ, ಅಲ್ಲಿಂದ ಊರೂರಿನ ಕೋಚ್‌ಗಳಿಗೆ ಇ-ಮೇಲ್ ಕಳಿಸಿದ. ಕೊನೆಗೆ ಕೈಹಿಡಿದದ್ದು ವಯೋಮಿಂಗ್. ಅಲ್ಲಿನ ಆಗಿನ ಕೋಚ್ ಕ್ರೇಗ್ ಬೋಲ್, ವೆಂಟ್ಜ್‌ನನ್ನು ನಾರ್ತ್ ಡಕೋಟ ಸ್ಟೇಟಿಗೆ ತಂದವರೂ ಅವರೇ. 2018ರಲ್ಲಿ ಅಲೆನ್ ಡ್ರಾಫ್ಟಿನ ಏಳನೆಯ ಆಟಗಾರ. ಆ ಇ-ಮೇಲ್ ಎಷ್ಟು ಇನ್‌ಬಾಕ್ಸ್‌ಗಳಲ್ಲಿ ತೆರೆಯದೆ ಕೂತಿತ್ತೋ ಎಂದು ನೆನೆದಾಗಲೆಲ್ಲ ನಾನು ನನ್ನ ಇನ್‌ಬಾಕ್ಸನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ.

4. ಬೆಳೆಸುವುದು ಗಂಟೆಗಳ ಲೆಕ್ಕ

"ನಾವು ಆಟಗಾರರನ್ನು ಬೆಳೆಸುತ್ತೇವೆ" ಎಂದು ಹೇಳದ ಕಾಲೇಜು ಅಮೆರಿಕದಲ್ಲಿಲ್ಲ. ಹಾಗಂದವರನ್ನು ನಾನು ಕೇಳುವುದು: ಯಾವಾಗ?

ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ನಿಯಮದ ಪ್ರಕಾರ ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕಡ್ಡಾಯ ತರಬೇತಿ ಇರಕೂಡದು, ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಈ ಮಿತಿ ಇನ್ನೂ ಕಡಿಮೆ. ವಸಂತದಲ್ಲಿ 15 ಅಭ್ಯಾಸಗಳು. 20 ಗಂಟೆಯಲ್ಲಿ ಸಭೆ, ವಿಡಿಯೊ, ತೂಕ ಎತ್ತುವುದು, ಪಂದ್ಯ ಎಲ್ಲ ಸೇರಿತು. ಮೈದಾನದಲ್ಲಿ ಉಳಿದ ಹೊತ್ತಿನಲ್ಲಿ ಹೆಚ್ಚಿನ ರೆಪ್ಸ್, ಅಂದರೆ ಒಂದೊಂದು ಚಲನೆಯನ್ನು ಮಾಡಿ ನೋಡುವ ಸರದಿ, ಶನಿವಾರ ಆಡುವ ಮೊದಲ ತಂಡಕ್ಕೇ ಹೋಗುತ್ತದೆ. ಬೆಳೆಯಬೇಕಾದ ಹತ್ತೊಂಬತ್ತರ ಹುಡುಗ ಬದಿಯಲ್ಲಿ ನಿಲ್ಲುತ್ತಾನೆ, ಇಲ್ಲವೇ ಮೊದಲ ತಂಡದ ಅಭ್ಯಾಸಕ್ಕೆಂದು ಮುಂದಿನ ಎದುರಾಳಿಯ ವೇಷ ಹಾಕುತ್ತಾನೆ. ಇದನ್ನು ಅಭ್ಯಾಸ ಎನ್ನುವುದು ಆತ್ಮವಂಚನೆ.

ನಾವು ಒಂದು ಸಣ್ಣ ಕೆಲಸ ಶುರುಮಾಡಿದೆವು. ಪ್ರತಿ ಅಭ್ಯಾಸದಲ್ಲಿ ಮೊದಲ ಮತ್ತು ಎರಡನೆಯ ವರ್ಷದ ಹುಡುಗರಿಗೆ ತಲಾ ಎಷ್ಟು ರೆಪ್ಸ್ ಸಿಕ್ಕಿತು ಎಂದು ವಿಡಿಯೊ ನೋಡಿ ಬರೆದಿಡುವುದು. ತಿಂಗಳ ಕೊನೆಗೆ ಆ ಪಟ್ಟಿ ಮುಖ್ಯ ಕೋಚ್ ಮೇಜಿಗೆ ಹೋಗುತ್ತದೆ. ಭಾಷಣವಿಲ್ಲ, ಬರೀ ಪಟ್ಟಿ. ನಮ್ಮಲ್ಲಿ ಯಾರಿಗೆ ಬೆಳೆಸುವ ಮನಸ್ಸಿದೆ, ಯಾರದ್ದು ಬಾಯಿಮಾತು ಎನ್ನುವುದು ಒಂದೇ ಶರತ್ಕಾಲದಲ್ಲಿ ತಿಳಿಯಿತು. 2024ರ ಜೂನಿನಿಂದ ಎನ್‌ಸಿಎಎ ಮೈದಾನದಲ್ಲಿ ಕಲಿಸುವ ಕೋಚ್‌ಗಳ ಸಂಖ್ಯೆಯ ಮಿತಿಯನ್ನು ತೆಗೆದುಹಾಕಿತು. ಮೊದಲೆಲ್ಲ ಆ ಮಿತಿಯ ಹೊರಗಿದ್ದ ವಿಶ್ಲೇಷಕರು ಹುಡುಗನ ಕಾಲು ತಪ್ಪಾಗಿದ್ದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಈಗ ಎರಡನೆಯ ತಂಡಕ್ಕೆ ಪಕ್ಕದಲ್ಲೇ ಬೇರೆ ಅಭ್ಯಾಸ ನಡೆಸಲು ಜನ ಸಿಗುತ್ತಾರೆ. ಹುಡುಗರು ಬೆಳೆಯುವುದಕ್ಕೆ ಇದರಿಂದಾದಷ್ಟು ಲಾಭ ಇತ್ತೀಚಿನ ಬೇರಾವ ನಿಯಮದಿಂದಲೂ ಆಗಿಲ್ಲ ಎಂದು ನನ್ನ ಲೆಕ್ಕ.

ಊಟವೂ ಇದರಲ್ಲಿ ಬರುತ್ತದೆ. ಆಫೆನ್ಸಿವ್ ಲೈನಿನ ಹುಡುಗ 110 ಕಿಲೊ ತೂಕದಲ್ಲಿ ಬಂದರೆ ಅವನನ್ನು ವೇಗ ಕೆಡದ ಹಾಗೆ 135 ಕಿಲೊ ಮಾಡಬೇಕು. ಅದಕ್ಕೆ ಎರಡು ಮೂರು ವರ್ಷ, ಮತ್ತು ಹೊತ್ತು ಹೊತ್ತಿಗೆ ಸರಿಯಾದ ಊಟ. ಕಾಲೇಜು ಆಟಗಾರರಿಗೆ ಮಿತಿಯಿಲ್ಲದೆ ಊಟ ತಿಂಡಿ ಕೊಡಬಹುದು ಎಂದು ಎನ್‌ಸಿಎಎ ಒಪ್ಪಿದ್ದು 2014ರಲ್ಲಿ. ಅದಕ್ಕೂ ಹಿಂದೆ ಬೇಗಲ್ ಕೊಡಬಹುದಿತ್ತು, ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ನಿಯಮ ಮುರಿದಂತೆ! ಅನ್ನ ಹಾಕಬಹುದು, ಸಾರು ಬಡಿಸಕೂಡದು ಎಂದ ಹಾಗೆ. ಅಂಥ ಕಾಲದಲ್ಲಿ ಹುಡುಗರ ಮೈ ಹೇಗೆ ಬೆಳೆಯಬೇಕಿತ್ತೋ. ತೂಕದ ತರಬೇತಿಯನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರು ನೆಬ್ರಾಸ್ಕದವರು. 1969ರಲ್ಲೇ ಬಾಯ್ಡ್ ಎಪ್ಲಿ ಎಂಬವರನ್ನು ಅದಕ್ಕೆಂದೇ ನೇಮಿಸಿದರು. ತೂಕ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆ ಎಂದು ಬಹಳ ಕೋಚ್‌ಗಳು ನಂಬಿದ್ದ ಕಾಲ ಅದು.

5. ಕಾಲೇಜು ಬೆಳೆಸುವುದಿಲ್ಲ, ಒಬ್ಬ ಕೋಚ್ ಬೆಳೆಸುತ್ತಾರೆ

ನಮ್ಮಲ್ಲಿ ಆಫೆನ್ಸಿವ್ ಲೈನ್ ಕೋಚ್ ಬಹಳ ವರ್ಷದಿಂದ ಇದ್ದಾರೆ. ಅವರ ಕೈಗೆ ಸಿಕ್ಕ ಹುಡುಗ ಮೂರನೇ ವರ್ಷಕ್ಕೆ ಆಡಲು ತಯಾರು. ಓಡುವವರನ್ನು ಬೆನ್ನಟ್ಟಿ ಪಾಸು ತಡೆಯುವ ಕಾರ್ನರ್‌ಬ್ಯಾಕ್ ಸ್ಥಾನದ ಕೋಚ್‌ಗಳು ಬರುತ್ತಲೇ ಇರುತ್ತಾರೆ, ಹೋಗುತ್ತಲೇ ಇರುತ್ತಾರೆ. ಹಾಗಾಗಿ ಲೈನಿಗೆ ಹೈಸ್ಕೂಲಿನಿಂದ ಕಚ್ಚಾ ಹುಡುಗರನ್ನು ತರುತ್ತೇವೆ, ಕಾರ್ನರ್‌ಬ್ಯಾಕ್‌ಗಳನ್ನು ಬೇರೆ ಕಾಲೇಜಿನಲ್ಲಿ ಪಳಗಿದವರಲ್ಲಿ ಹುಡುಕುತ್ತೇವೆ. ಸ್ಥಾನದ ಗುಣವೂ ಇದಕ್ಕೆ ಹೊಂದುತ್ತದೆ. ರನ್ನಿಂಗ್ ಬ್ಯಾಕ್ ಹದಿನೆಂಟಕ್ಕೇ ಮಿಂಚಬಲ್ಲ, ಲೈನಿನವನ ಮೈಯೂ ಕ್ವಾರ್ಟರ್‌ಬ್ಯಾಕ್‌ನ ತಲೆಯೂ ಮಾಗಲು ಹೊತ್ತು ಬೇಕು. ಇಡೀ ತಂಡಕ್ಕೆ ಒಂದೇ ನೀತಿ ಇಟ್ಟುಕೊಂಡವರು ಎರಡು ಕಡೆಯೂ ಕಳೆದುಕೊಳ್ಳುತ್ತಾರೆ.

6. ಕಾಯುವ ನೀತಿ ಇರಲಿ, ಹಟ ಬೇಡ

ಕಾಲೇಜು ಆಟಗಾರನಿಗೆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡುವ ಅವಕಾಶ. ಮೊದಲ ವರ್ಷ ಆಡಿಸದೆ ಬರೀ ತರಬೇತಿ ಕೊಟ್ಟು ಆ ವರ್ಷ ಉಳಿಸುವುದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. 2018ರಿಂದ ನಾಲ್ಕು ಪಂದ್ಯದವರೆಗೆ ಆಡಿಯೂ ವರ್ಷ ಉಳಿಸಿಕೊಳ್ಳಬಹುದು. ಲೈನಿನ ಹುಡುಗರನ್ನು ತಾಳ್ಮೆಯಿಂದ ಕಾಯಿಸುವುದಕ್ಕೆ ಹೆಸರಾದ ಅಯೋವಾ, ವರ್ಫ್ಸ್‌ನನ್ನು ಮೊದಲ ವರ್ಷವೇ ಟ್ಯಾಕಲ್ ಆಗಿ ನಿಲ್ಲಿಸಿತು. ಹಾಗೆ ನಿಂತ ಹೊಸಬ ಫೆರೆಂಟ್ಜ್ ಕಾಲದಲ್ಲಿ ಅವನೇ ಮೊದಲಿಗ. ತಯಾರಾದವನನ್ನು ನೀತಿಯ ಹೆಸರಲ್ಲಿ ಕೂರಿಸಿದರೆ ಅವನು ಈಗ ಕೂರುವುದೂ ಇಲ್ಲ, ಬೇರೆ ಕಾಲೇಜಿಗೆ ಹೊರಡುತ್ತಾನೆ.

7. ಬಾಗಿಲಲ್ಲಿ ತಾನಾಗಿ ಬಂದು ನಿಂತವನನ್ನು ನೋಡಿ

ಸ್ಕಾಲರ್‌ಶಿಪ್ ಇಲ್ಲದೆ, ತನ್ನ ಖರ್ಚಿನಲ್ಲಿ ಓದಿಕೊಂಡು ತಂಡ ಸೇರುವವನನ್ನು ವಾಕ್-ಆನ್ ಎನ್ನುತ್ತಾರೆ. ಈ ಆಟದ ಒಳ್ಳೆಯ ಕತೆಗಳಲ್ಲಿ ಅರ್ಧ ಅವರವೇ. ಜೆ.ಜೆ. ವಾಟ್ ಸೆಂಟ್ರಲ್ ಮಿಷಿಗನ್‌ನಲ್ಲಿ ಟೈಟ್ ಎಂಡ್ ಆಗಿದ್ದ. ಅಲ್ಲಿನ ಸ್ಕಾಲರ್‌ಶಿಪ್ ಬಿಟ್ಟು ತನ್ನ ರಾಜ್ಯದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ವಾಕ್-ಆನ್ ಆಗಿ ಬಂದ. ನಡುವೆ ಪಿಜ್ಜಾ ಡೆಲಿವರಿ ಮಾಡಿದ್ದೂ ಉಂಟು. ವಿಸ್ಕಾನ್ಸಿನ್ ಅವನನ್ನು ಡಿಫೆನ್ಸಿವ್ ಎಂಡ್ ಮಾಡಿತು. ಮುಂದೆ ಎನ್‌ಎಫ್‌ಎಲ್‌ನ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಮೂರು ಸಲ ಅವನದಾಯಿತು. ಲೇಟನ್ ವ್ಯಾಂಡರ್ ಎಶ್ ಐಡಹೋದ ರಿಗಿನ್ಸ್ ಎಂಬ ಪುಟ್ಟ ಊರಿನವನು. ಅಲ್ಲಿ ಹನ್ನೊಂದು ಜನ ಹೊಂದಿಸಲಾಗದೆ ಎಂಟು ಜನರ ಫುಟ್ಬಾಲ್ ಆಡುತ್ತಾರೆ. ಬಾಯ್ಸಿ ಸ್ಟೇಟಿಗೆ ವಾಕ್-ಆನ್ ಆಗಿ ಬಂದವನು 2018ರಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ.

ಕ್ಯಾನ್ಸಸ್ ಸ್ಟೇಟನ್ನು ಬಿಲ್ ಸ್ನೈಡರ್ ಕೈಗೆತ್ತಿಕೊಂಡ 1989ರಲ್ಲಿ ಆ ತಂಡ ಎರಡು ಸೀಸನ್‌ಗಳಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ನಕ್ಷತ್ರದ ಹುಡುಗರು ಅಲ್ಲಿಗೇಕೆ ಬಂದಾರು? ಸ್ನೈಡರ್ ಎರಡು ವರ್ಷದ ಕಾಲೇಜುಗಳಿಗೂ ಕ್ಯಾನ್ಸಸ್‌ನ ಹಳ್ಳಿ ಶಾಲೆಗಳಿಗೂ ಹೋದರು. 1998ರಲ್ಲಿ ಅದೇ ತಂಡ ಸತತ ಹನ್ನೊಂದು ಪಂದ್ಯ ಗೆದ್ದು ದೇಶದ ಮೊದಲ ರ‍್ಯಾಂಕಿನವರೆಗೂ ಹೋಯಿತು. ನೇಮಕವೋ ಬೆಳೆಸುವಿಕೆಯೋ ಎಂಬ ವಾದದಲ್ಲಿ ಸ್ನೈಡರ್ ಅವರನ್ನು ಎರಡನೆಯ ಪಂಗಡಕ್ಕೆ ಸೇರಿಸುವುದು ವಾಡಿಕೆ. ನನಗೆ ಅವರು ಮೊದಲು ಒಬ್ಬ ಜಾಣ ನೇಮಕಾತಿಗಾರ; ಬೇರೆಯವರು ಕಾಲಿಡದ ಸಂತೆಗೆ ಹೋದವರು.

ಈ ಬಾಗಿಲು ಈಗ ಕಿರಿದಾಗುತ್ತಿದೆ. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಯಿಂದಾಗಿ ಹಳೆಯ 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ, ಇಡೀ ತಂಡಕ್ಕೆ 105 ಜನರ ಮಿತಿ ಬಂತು. ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು, ಸಂತೋಷ. ಆದರೆ ಮೊದಲು ದೊಡ್ಡ ತಂಡಗಳಲ್ಲಿ 120 ದಾಟಿ ಜನ ಇರುತ್ತಿದ್ದರು, ಹೆಚ್ಚಾದವರೆಲ್ಲ ವಾಕ್-ಆನ್‌ಗಳೇ. ಮುಂದಿನ ವಾಟ್ ಬಂದು ಬಾಗಿಲು ತಟ್ಟಿದಾಗ ಒಳಗೆ ಜಾಗ ಇಲ್ಲ ಎನ್ನಬೇಕಾದೀತು ಎನ್ನುವುದು ನನ್ನ ನಿಜವಾದ ಕಳವಳ.

8. ಬೆಳೆಸಿದ ಮೇಲೆ ಉಳಿಸಿಕೊಳ್ಳುವ ದಾರಿಯನ್ನೂ ಹುಡುಕಿ

2018ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾಯಿತು; ಬೇರೆ ಕಾಲೇಜಿಗೆ ಹೋಗಬೇಕೆನ್ನುವ ಆಟಗಾರರ ಹೆಸರು ಸೇರುವ ಪಟ್ಟಿ ಅದು. ಮೊದಲೆಲ್ಲ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ಹೋಯಿತು, 2024ರಲ್ಲಿ ಎಷ್ಟು ಸಲ ಬದಲಿಸಿದರೂ ಹೋಯಿತು. 2021ರ ಜುಲೈನಿಂದ ಆಟಗಾರ ತನ್ನ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. 2025ರ ಜುಲೈನಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಆಟಗಾರರಿಗೆ ಇದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಅವರ ಬೆವರಿನ ಮೇಲೆ ಕೋಚ್‌ಗಳು ಕೋಟಿಗಟ್ಟಲೆ ಎಣಿಸುತ್ತಿದ್ದರು.

ನಮ್ಮಂಥ ಕಾಲೇಜಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರದ ಸ್ಥಿತಿ. ಮೂರು ವರ್ಷ ಬೆಳೆಸಿದ ಹುಡುಗನನ್ನು ಜನವರಿಯಲ್ಲಿ ದೊಡ್ಡ ಕಾಲೇಜು ಕರೆದುಕೊಂಡು ಹೋಗುತ್ತದೆ. ಇದರಿಂದ ಬೇಸತ್ತು "ಇನ್ನು ಯಾರನ್ನೂ ಬೆಳೆಸುವುದಿಲ್ಲ, ನಾವೂ ಪೋರ್ಟಲಿನಿಂದಲೇ ಕೊಳ್ಳುತ್ತೇವೆ" ಎಂದವರಿದ್ದಾರೆ. 2023ರಲ್ಲಿ ಡಿಯಾನ್ ಸ್ಯಾಂಡರ್ಸ್ ಕೊಲರಾಡೊದ ತಂಡವನ್ನು ಬಹುಪಾಲು ಖಾಲಿ ಮಾಡಿ ಹೊಸಬರನ್ನು ತುಂಬಿದರು. ಆ ವರ್ಷ 4 ಗೆಲುವು, 8 ಸೋಲು; ಮರುವರ್ಷ 9 ಗೆಲುವು, 4 ಸೋಲು. ಹೈಸ್ಕೂಲಿನ ಹುಡುಗರನ್ನೇ ರಾಶಿ ಹಾಕಿದರೂ ಕೆಲಸ ತಾನಾಗಿ ಆಗುವುದಿಲ್ಲ. ಟೆಕ್ಸಸ್ ಎ ಅಂಡ್ ಎಂ 2022ರಲ್ಲಿ ತಂದ ಹುಡುಗರ ಗುಂಪು, ಶ್ರೇಣಿ ಕೊಡುವವರ ಲೆಕ್ಕದಲ್ಲಿ ಅದುವರೆಗಿನ ಅತ್ಯುತ್ತಮ. ಆ ವರ್ಷ ತಂಡ 5 ಗೆದ್ದು 7 ಸೋತಿತು. ಆ ಗುಂಪಿನ ಬಹಳ ಹುಡುಗರು ಬೇರೆ ಬೇರೆ ಕಾಲೇಜುಗಳಿಗೆ ಚದುರಿದರು. ಕೋಚ್ ಜಿಂಬೊ ಫಿಶರ್ ಅವರನ್ನು 2023ರಲ್ಲಿ ಕಳಿಸುವುದಕ್ಕೆ ವಿಶ್ವವಿದ್ಯಾಲಯ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಹೊಣೆ ಹೊರಬೇಕಾಯಿತು.

ಇನ್ನು ಇಂಡಿಯಾನಾ. ಸೋಲಿಗೆ ಹೆಸರಾಗಿದ್ದ ತಂಡ. ಕರ್ಟ್ ಸಿಗ್ನೆಟಿ 2024ರ ಸೀಸನ್ನಿಗೆ ಅಲ್ಲಿಗೆ ಬರುವಾಗ ತಾವು ಮೊದಲಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ 13 ಆಟಗಾರರನ್ನು ಕರೆತಂದರು. ಮೊದಲ ವರ್ಷವೇ 11 ಗೆಲುವು. 2025ರ ಸೀಸನ್ನಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕ್ವಾರ್ಟರ್‌ಬ್ಯಾಕ್ ಫರ್ನ್ಯಾಂಡೊ ಮೆಂಡೋಜಾ ಬಂದ. ಹೈಸ್ಕೂಲಿನಲ್ಲಿ ದೊಡ್ಡವರು ಯಾರೂ ಕೇಳದೆ, ಯೇಲ್‌ಗೆ ಹೋಗುತ್ತೇನೆಂದು ಒಪ್ಪಿಕೊಂಡಿದ್ದ ಹುಡುಗ. ಅವನಿಗೆ ಕಾಲೇಜು ಫುಟ್ಬಾಲಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಬಂತು. ಇಂಡಿಯಾನಾ ಆಡಿದ 16 ಪಂದ್ಯವನ್ನೂ ಗೆದ್ದು, 2026ರ ಜನವರಿಯ ಫೈನಲ್‌ನಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿತು. ಬ್ಲೂ-ಚಿಪ್ ಲೆಕ್ಕ ಸುಳ್ಳಾದದ್ದು ಆಗ.

ಇದನ್ನು ಪೋರ್ಟಲಿನ ಗೆಲುವು ಎಂದರು. ನಾನು ಹಾಗೆ ಓದುವುದಿಲ್ಲ. ಜೇಮ್ಸ್ ಮ್ಯಾಡಿಸನ್‌ನಿಂದ ಬಂದವರು ಸಿಗ್ನೆಟಿ ಮತ್ತು ಅವರ ಸಹಾಯಕರು ತಾವೇ ಆರಿಸಿ ಬೆಳೆಸಿದ ಹುಡುಗರು. ಕಟ್ಟಡ ಬದಲಾಯಿತು, ಕಲಿಸುವವರು ಬದಲಾಗಲಿಲ್ಲ. ಉಳಿದವರನ್ನು ಆರಿಸುವಾಗಲೂ ಅವರು ನೋಡಿದ್ದು ಹೈಸ್ಕೂಲಿನ ನಕ್ಷತ್ರವನ್ನಲ್ಲ, ಕಾಲೇಜಿನಲ್ಲಿ ಆಡಿ ತೋರಿಸಿದ್ದನ್ನು. ಸಿಗ್ನೆಟಿ ಮೊದಲು ಅಲಬಾಮಾದಲ್ಲಿ ನಿಕ್ ಸೇಬನ್ ಕೈಕೆಳಗೆ ನೇಮಕಾತಿಯನ್ನೇ ನೋಡಿಕೊಂಡಿದ್ದವರು ಎಂಬುದನ್ನೂ ಮರೆಯಬಾರದು.

ನಾವು ಮಾಡುತ್ತಿರುವುದು ಇಷ್ಟು. ಎರಡನೆಯ ವರ್ಷದ ಕೊನೆಗೆ ಯಾರು ಹೊರಟಾರು ಎಂದು ಊಹಿಸಿ, ಇರುವ ಅಲ್ಪ ಹಣವನ್ನು ಹೊಸಬರಿಗೆ ಹಂಚುವ ಮೊದಲು ಅವರಿಗೆ ಎತ್ತಿಡುತ್ತೇವೆ. ಬೇರೆ ಕಡೆಯಿಂದ ನೂರು ರೂಪಾಯಿಯ ಆಟಗಾರನನ್ನು ತರುವುದಕ್ಕಿಂತ ನಮ್ಮ ಪದ್ಧತಿ ಬಲ್ಲ ಎಂಬತ್ತರವನಿಗೆ ತೊಂಬತ್ತು ಕೊಟ್ಟು ಇಟ್ಟುಕೊಳ್ಳುವುದು ಅಗ್ಗ. ಆದರೂ ಕೆಲವರು ಹೋಗುತ್ತಾರೆ. ಹೋಗುವವನಿಗೆ ಒಳ್ಳೆಯ ಮಾತಾಡಿ ಕಳಿಸಿ. ಅವನ ತಮ್ಮನೂ ಫುಟ್ಬಾಲ್ ಆಡುತ್ತಿರುತ್ತಾನೆ.

9. ಕೊನೆಯದು ಅಪ್ಪ ಅಮ್ಮಂದಿರಿಗೆ

ಟೆಕ್ಸಸ್, ನ್ಯೂಜೆರ್ಸಿ ಕಡೆಯ ಕನ್ನಡ ಕುಟುಂಬಗಳಿಂದ ಈಚೆಗೆ ನನಗೆ ಫೋನು ಬರುತ್ತದೆ. ಮಗ ಹೈಸ್ಕೂಲಿನಲ್ಲಿ ಫುಟ್ಬಾಲ್ ಆಡುತ್ತಾನೆ, ಕಾಲೇಜಿನಲ್ಲೂ ಆಡಬೇಕಂತೆ, ಏನು ಮಾಡೋಣ? ಹೆಚ್ಚಿನವರು ಒದೆಯುವ ಕಿಕ್ಕರ್‌ಗಳು ಇಲ್ಲವೇ ಚೆಂಡು ಹಿಡಿಯುವ ರಿಸೀವರ್‌ಗಳು.

ಮೊದಲು ಮಾರ್ಕ್ಸ್ ಕಾರ್ಡು. ಎನ್‌ಸಿಎಎಯ ಮೇಲಿನ ದರ್ಜೆಯಾದ ಡಿವಿಜನ್ ಒಂದರಲ್ಲಿ ಆಡಲು 16 ಮುಖ್ಯ ವಿಷಯಗಳ ಕೋರ್ಸ್, ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಅದರಲ್ಲಿ ಹತ್ತು ಕೋರ್ಸ್ ಕೊನೆಯ ವರ್ಷಕ್ಕೆ ಮೊದಲೇ ಮುಗಿದಿರಬೇಕು. ನಮ್ಮವರ ಮನೆಯಲ್ಲಿ ಅಂಕಗಳಿಗೆ ತೊಂದರೆ ಇರುವುದಿಲ್ಲ, ಆದರೆ ಯಾವ ಕೋರ್ಸನ್ನು ಎನ್‌ಸಿಎಎ ಒಪ್ಪುತ್ತದೆ ಎಂದು ಒಂಬತ್ತನೇ ತರಗತಿಯಲ್ಲೇ ಶಾಲೆಯಲ್ಲಿ ಕೇಳಿಕೊಳ್ಳಿ. ಡಿವಿಜನ್ ಮೂರರ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ. ಓದಿಗೆ ಕೊಡುವ ನೆರವು ಕೆಲವೊಮ್ಮೆ ಅದಕ್ಕಿಂತ ದೊಡ್ಡದಿರುತ್ತದೆ.

ಕ್ಯಾಂಪಸ್ ನೋಡಲು ಕರೆದಾಗ ಲಾಕರ್ ರೂಮಿನ ದೀಪಾಲಂಕಾರ ನೋಡಿ ಮರುಳಾಗಬೇಡಿ. ಮಗನ ಸ್ಥಾನದಲ್ಲಿ ಈಗ ಆಡುತ್ತಿರುವವರಲ್ಲಿ ಎಷ್ಟು ಜನ ಹೈಸ್ಕೂಲಿನಿಂದ ನೇರ ಇಲ್ಲಿಗೇ ಬಂದವರು, ಎಷ್ಟು ಜನ ಬೇರೆ ಕಾಲೇಜಿನಿಂದ ಬಂದವರು ಎಂದು ಕೇಳಿ. ಆ ಸ್ಥಾನದ ಕೋಚ್ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ. ಮೊದಲ ವರ್ಷದ ಹುಡುಗನಿಗೆ ಅಭ್ಯಾಸದಲ್ಲಿ ಎಷ್ಟು ರೆಪ್ಸ್ ಸಿಗುತ್ತದೆ ಎಂದೂ ಕೇಳಿ. ಮೂರನೆಯ ಪ್ರಶ್ನೆಗೆ ಕೋಚ್ ಪಕ್ಕದವರ ಮುಖ ನೋಡಿದರೆ ಮಧ್ಯಾಹ್ನದ ಊಟ ಮುಗಿಸಿಕೊಂಡು ಮುಂದಿನ ಕಾಲೇಜಿಗೆ ಹೊರಡಿ.